ಗಡಿಯಾರದ ಎರಡು ಚುಕ್ಕಿ

ನನ್ನ ಬಾಯಿ ಒಳ್ಳೆಯದಲ್ಲ. ಬಿ.ಸಿ. ರೋಡ್ ಬಸ್ ನಿಲ್ದಾಣದಲ್ಲಿ ಯಾರನ್ನು ಕೇಳಿದರೂ ಮೊದಲು ಇದನ್ನೇ ಹೇಳುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಖಾಸಗಿ ಬಸ್ಸುಗಳ ಟೈಂ ಕೀಪರ್ ನಾನು, ಚಿನ್ನಯ್ಯ. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಪುಸ್ತಕದಲ್ಲಿ ಬರೆದು, ಹೊತ್ತಾದ ಕೂಡಲೇ ವಿಸಿಲ್ ಊದಿ ಓಡಿಸುವುದು ನನ್ನ ಕೆಲಸ. ಕೇಳುವುದಕ್ಕೆ ಸುಲಭ. ಆದರೆ ಮಂಗಳೂರು ದಾರಿಯಲ್ಲಿ ನಾಲ್ಕು ನಿಮಿಷಕ್ಕೊಂದು ಬಸ್ಸು. ಹಿಂದಿನವನು ಎರಡು ನಿಮಿಷ ಬೇಗ ಹೊರಟನೆಂದರೆ ಫರಂಗಿಪೇಟೆ ಮುಟ್ಟುವ ಮೊದಲೇ ಮುಂದಿನವನನ್ನು ದಾಟಿ, ಅಲ್ಲಿಯ ಜನರನ್ನೆಲ್ಲ ತುಂಬಿಸಿಕೊಂಡು ಹೋಗಿರುತ್ತಾನೆ. ಆಮೇಲೆ ನಿಲ್ದಾಣದಲ್ಲಿ ಕಂಡಕ್ಟರ್‌ಗಳ ಲಡಾಯಿ. ಅದನ್ನು ಬಿಡಿಸಬೇಕಾದವನೂ ನಾನೇ. ಹೀಗಿರುವಾಗ ಬಾಯಿ ಒಳ್ಳೆಯದಿರಲು ಹೇಗೆ ಸಾಧ್ಯ?

ಮೊದಲು ಒಬ್ಬೊಬ್ಬರ ಕೈಯಲ್ಲಿ ಒಂದೊಂದು ವಾಚು, ಒಂದೊಂದು ಟೈಂ. ಕೊನೆಗೆ ಬಸ್ ಮಾಲಕರ ಮ್ಯಾನೇಜರ್ ಸುಧಾಕರ, ಚಿನ್ನಯ್ಯನ ಮೊಬೈಲಿನ ಟೈಮೇ ಟೈಂ, ಇನ್ನು ಯಾರದ್ದೂ ಮಾತಿಲ್ಲ ಎಂದು ತೀರ್ಮಾನ ಮಾಡಿದ. ಅಂದಿನಿಂದ ನನ್ನ ಮೇಜಿನ ಮೇಲೆ ಮೊಬೈಲು ನಿಂತೇ ಇರುತ್ತದೆ. ಪರದೆಯ ತುಂಬ ದೊಡ್ಡ ಅಂಕಿಯ ಗಡಿಯಾರ, ಬೆಳಗ್ಗೆ ಆರರಿಂದ ಸಂಜೆ ಆರರ ತನಕ ಒಂದು ಕ್ಷಣವೂ ಆರುವುದಿಲ್ಲ. ಬಿಸಿಲಿಗೆ ಕಾಣಬೇಕಲ್ಲ, ಬೆಳಕೂ ಪೂರ್ತಿ ಜೋರು.

"ಚಿನ್ನಯ್ಯಣ್ಣ, ಹೀಗೆ ಇಟ್ರೆ ಡಿಸ್‌ಪ್ಲೇ ಬರ್ನ್ ಆಗ್ತದೆ," ಎಂದು ಜಿತೇಶ ಎಷ್ಟೋ ಸಲ ಹೇಳಿದ್ದ. ಅವನು ಬೆಳ್ತಂಗಡಿಯಿಂದ ಮಂಗಳೂರಿಗೆ ಹೋಗುವ ಬಸ್ಸಿನ ಕಂಡಕ್ಟರ್. "ಒಂದೇ ಚಿತ್ರ ದಿನಾ ಉರಿದು ಉರಿದು ಅದರ ಅಚ್ಚು ಅಲ್ಲೇ ಉಳೀತದೆ. ಮತ್ತೆ ಎಂತ ಮಾಡಿದ್ರೂ ಹೋಗುದಿಲ್ಲ."

"ನಿನ್ನ ಮಂಡೆ ಬರ್ನ್ ಆಗ್ತದೆ, ಹೋಗಿ ಜನ ಹತ್ತಿಸು," ಎನ್ನುತ್ತಿದ್ದೆ.

ಜನವರಿ ತಿಂಗಳಲ್ಲಿ ಪರದೆಯ ಮೇಲೆ ನಿಜವಾಗಿಯೂ ಕಲೆ ಕಾಣಿಸಿಕೊಂಡಿತು. ಚಹಾ ಚೆಲ್ಲಿ ಒಣಗಿದ ಹಾಗೆ ಮಸುಕು ಬಣ್ಣ, ಸರಿಯಾಗಿ ನಿಮಿಷದ ಅಂಕಿಯ ಮೇಲೆ. ಅಂಗಿಯ ತುದಿಯಿಂದ ಒರೆಸಿದೆ, ಉಗುರಿನಿಂದ ಕೆರೆದೆ, ಹೋಗಲಿಲ್ಲ. ಜಿತೇಶ ಹೇಳಿದ್ದು ಸರಿಯಾಯಿತಲ್ಲ ಎಂದು ಹೊಟ್ಟೆ ಉರಿಯಿತು. ಅವನಿಗೆ ಹೇಳಲಿಲ್ಲ.

ಒಂದು ಬೆಳಗ್ಗೆ ಜಿತೇಶನ ಬಸ್ಸು ಎಂಟು ಮೂವತ್ತನಾಲ್ಕಕ್ಕೆ ಹೊರಟಿತು. ಅದರ ಹಿಂದೆ ನೌಫಲನ ಬಸ್ಸು, ಅವನದು ಎಂಟು ಮೂವತ್ತೆಂಟು. ನಾನು ಮೊಬೈಲ್ ನೋಡಿದೆ, ಮೂವತ್ತೆಂಟು ಎಂದು ಕಂಡಿತು, ವಿಸಿಲ್ ಊದಿದೆ. ಮಂಗಳೂರಿಗೆ ಹೋಗಿ ವಾಪಸು ಬಂದ ಜಿತೇಶ ಬಸ್ಸು ನಿಲ್ಲುವ ಮೊದಲೇ ಹಾರಿ, ನೌಫಲನ ಕಾಲರ್ ಹಿಡಿದ.

"ನನ್ನ ಜನರನ್ನೆಲ್ಲ ಹತ್ತಿಸಿಕೊಂಡು ಹೋದೆಯಲ್ಲ! ಖಾಲಿ ಬಸ್ಸು ಓಡಿಸ್ಲಿಕ್ಕೆ ನನಗೆ ಮಂಡೆ ಸಮ ಇಲ್ವಾ?"

"ಕೈ ತೆಗಿ. ವಿಸಿಲ್ ಕೇಳಿಯೇ ನಾನು ಹೊರಟದ್ದು. ಚಿನ್ನಯ್ಯಣ್ಣನ ಹತ್ರ ಕೇಳು," ಎಂದ ನೌಫಲ್. ಅವನ ಟಿಕೆಟ್ ಮೆಷಿನಿನಲ್ಲಿ ಆ ಟ್ರಿಪ್ಪಿನ ಮೊದಲ ಟಿಕೆಟಿನ ಹೊತ್ತು ಇತ್ತು: ಎಂಟು ಮೂವತ್ತಾರು.

ಎಲ್ಲರೂ ನನ್ನತ್ತ ತಿರುಗಿದರು. ಆ ಗಳಿಗೆಯಲ್ಲಿ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. "ನಾನು ಊದಲೇ ಇಲ್ಲ ಮಾರಾಯ. ಈ ಹುಡುಗರಿಗೆ ಕಾಯುವ ತಾಳ್ಮೆ ಎಲ್ಲಿ ಉಂಟು?" ಎಂದೆ. ಅಷ್ಟು ಸಾಲದೆ ಪುಸ್ತಕದಲ್ಲಿಯೂ ಬರೆದೆ: ಕಂಡಕ್ಟರ್ ವಿಸಿಲಿಗೆ ಕಾಯದೆ ಹೊರಟಿದ್ದಾನೆ. ಸುಧಾಕರ ನೌಫಲನನ್ನು ಎರಡು ದಿನ ಮನೆಯಲ್ಲಿ ಕೂರಿಸಿದ. ಹೋಗುವಾಗ ನೌಫಲ್ ನನಗೆ ಬಯ್ಯಲಿಲ್ಲ. ಬೈದಿದ್ದರೆ ನಾನು ನಾಲ್ಕು ಮಾತು ತಿರುಗಿಸಿ ಹೇಳಿ ಆರಾಮಾಗಿರುತ್ತಿದ್ದೆ.

ನಾಲ್ಕನೆಯ ದಿನ ಮೂಡುಬಿದಿರೆ ಬಸ್ಸನ್ನು ಹೊತ್ತಿಗೆ ಮೊದಲೇ ಓಡಿಸಿಬಿಟ್ಟೆ. ಆಗ ಸುಧಾಕರ ನನ್ನ ಬೆನ್ನ ಹಿಂದೆಯೇ ನಿಂತಿದ್ದ. ಇನ್ನು ಯಾರ ತಲೆಗೆ ಕಟ್ಟುವುದು? ಮೊಬೈಲಿನ ತಲೆಗೆ ಕಟ್ಟಿದೆ.

"ಡಿಸ್‌ಪ್ಲೇ ಬರ್ನ್ ಆಗಿದೆ. ಅಂಕಿ ಸರಿ ಕಾಣುದಿಲ್ಲ."

ಸುಧಾಕರ ಬೊಬ್ಬೆ ಹಾಕುವವನಲ್ಲ. "ಚಿನ್ನಯ್ಯಣ್ಣ, ಮೂರು ದಿನದಲ್ಲಿ ಅದನ್ನು ಸರಿ ಮಾಡಿಸಿ. ಹೀಗೇ ಆದ್ರೆ ನಾನು ಬೇರೆ ಜನ ನೋಡ್ಬೇಕಾಗ್ತದೆ. ಬೇಜಾರು ಮಾಡ್ಬೇಡಿ," ಎಂದ. ಅರುವತ್ತೊಂದು ವಯಸ್ಸಿನಲ್ಲಿ ಈ ಮೇಜು ಬಿಟ್ಟರೆ ನನಗೆ ಬೇರೆ ಗತಿಯಿಲ್ಲ. ರಾತ್ರಿ ಊಟ ಸೇರಲಿಲ್ಲ.

ಮರುದಿನ ಬೆಳಗ್ಗೆಯೇ ಪಾಣೆಮಂಗಳೂರಿನ ಪೇಟೆಗೆ ಹೋದೆ. ಅಲ್ಲಿಯ ರಿಪೇರಿ ಅಂಗಡಿಯ ಹುಡುಗ ಒಳ್ಳೆಯ ಕೆಲಸಗಾರ ಎಂದು ಕೇಳಿದ್ದೆ. ಹೋಗಿ ನೋಡಿದರೆ ಹುಡುಗ ಸೌದಿಯ ಜುಬೈಲಿಗೆ ಹೋಗಿ ವರ್ಷವಾಗಿದೆ, ಅವನ ತಂಗಿ ರಿಫಾ ಕುಳಿತಿದ್ದಾಳೆ. ಇಪ್ಪತ್ತನಾಲ್ಕು ಇಪ್ಪತ್ತೈದರ ಹುಡುಗಿ, ತಲೆಗೆ ಶಾಲು ಬಿಗಿದುಕೊಂಡು, ಭೂತಗನ್ನಡಿಯ ಕೆಳಗೆ ಯಾವುದೋ ಮೊಬೈಲಿನ ಹೊಟ್ಟೆ ಬಗೆಯುತ್ತಿದ್ದಳು.

"ರಿಪೇರಿಯವರು ಇಲ್ವಾ?" ಎಂದೆ.

"ಇದ್ದಾರೆ. ಎದುರು ಕೂತಿದ್ದಾರೆ. ಎಂತ ಆಗ್ಬೇಕು?" ಎಂದಳು, ತಲೆ ಎತ್ತದೆ.

ಪೆಟ್ಟಿಗೆ ಪೆಟ್ಟು. ಮೊಬೈಲು ಕೊಟ್ಟು ಕತೆ ಹೇಳಿದೆ. ಅವಳು ಪರದೆಯ ತುಂಬ ಒಮ್ಮೆ ಕೆಂಪು, ಒಮ್ಮೆ ಹಸಿರು, ಒಮ್ಮೆ ಬಿಳಿ ಬಣ್ಣ ತಂದು ನೋಡಿದಳು. ಕೊನೆಗೆ ಬೂದು ಬಣ್ಣ ತಂದು ನನ್ನ ಮುಂದೆ ಹಿಡಿದಳು.

"ಬರ್ನ್ ಆದದ್ದು ಹೌದು. ಇಲ್ಲಿ ನೋಡಿ, ಗಡಿಯಾರದ ಎರಡು ಚುಕ್ಕಿ. ಗಂಟೆಗೂ ನಿಮಿಷಕ್ಕೂ ನಡುವೆ ಇರ್ತದಲ್ಲ, ಅದು. ಅಂಕಿ ಬದಲಾಗ್ತಾ ಇರ್ತದೆ, ಚುಕ್ಕಿ ಬದಲಾಗುದಿಲ್ಲ, ಹಾಗಾಗಿ ಅದರ ಅಚ್ಚು ಬಿದ್ದಿದೆ. ಆದ್ರೆ ಭಾರೀ ಸಣ್ಣದು. ಇದ್ರಿಂದ ಅಂಕಿ ಓದ್ಲಿಕ್ಕೆ ಎಂತ ತೊಂದರೆ?"

ನಾನು ನೋಡಿದೆ. ಚುಕ್ಕಿಯೂ ಇಲ್ಲ, ಮಣ್ಣೂ ಇಲ್ಲ.

"ಚುಕ್ಕಿ ಎಲ್ಲಿ ಉಂಟು ಮಾರಾಯ್ತಿ? ನಡುವೆ ಇಷ್ಟು ದೊಡ್ಡ ಕಲೆ ಉಂಟಲ್ಲ, ಅದು ನಿನಗೆ ಕಾಣುದಿಲ್ವಾ?"

"ನಡುವೆ ಎಂತದೂ ಇಲ್ಲ ಅಣ್ಣ."

ನನಗೆ ಪಿತ್ತ ನೆತ್ತಿಗೇರಿತು. ಇರುವುದು ಇಲ್ಲವಂತೆ, ಇಲ್ಲದ್ದು ಇದೆಯಂತೆ! ಕೆಲಸ ಬಾರದಿದ್ದರೆ ಅಂಗಡಿ ಮುಚ್ಚಿ ಮನೆಯಲ್ಲಿ ಕೂರಬೇಕು, ನನ್ನ ಅನ್ನದ ಮೇಲೆ ಕಲ್ಲು ಹಾಕಬಾರದು ಎಂದೆಲ್ಲ ಕೂಗಾಡಿದೆ. ಪಕ್ಕದ ಬೇಕರಿಯವನು ಹೊರಗೆ ಬಂದು ಇಣುಕಿದ. ರಿಫಾ ಭೂತಗನ್ನಡಿಯನ್ನು ಬದಿಗೆ ಸರಿಸಿದಳು.

"ಆಯ್ತಾ?" ಎಂದಳು. "ಈಗ ಮೇಲಿನ ಮೂಲೆಯಲ್ಲಿ ಬ್ಯಾಟರಿ ಗುರುತು ಉಂಟಲ್ಲ, ಅದನ್ನು ನೋಡಿ. ಕಲೆ ಎಲ್ಲಿ ಉಂಟು?"

"ಅಲ್ಲೇ, ಬ್ಯಾಟರಿಯ ಮೇಲೆ."

"ಈಗ ಕೆಳಗಿನ ಅಂಚು ನೋಡಿ."

"ಹ್ಞಾ, ಈಗ ಅಲ್ಲಿಗೆ ಬಂತು. ನೋಡು, ಓಡಾಡ್ತದೆ! ಇದು ವೈರಸ್ಸೇ. ನಾನು ಆಗಲೇ ಅಂದುಕೊಂಡೆ!"

ಅವಳು ನಗಲಿಲ್ಲ. ಮೊಬೈಲನ್ನು ಕೆಳಗಿಟ್ಟು ಗೋಡೆಯ ಕ್ಯಾಲೆಂಡರ್ ತೋರಿಸಿದಳು. "ಅದರಲ್ಲಿ ಇವತ್ತಿನ ತಾರೀಕು ಓದಿ."

ಓದಲು ಹೋದೆ. ತಾರೀಕಿನ ಮೇಲೆ ಅದೇ ಕಲೆ. ಕ್ಯಾಲೆಂಡರಿನ ನೆಟ್ಟಗಿನ ಗೆರೆಗಳು ಕಲೆಯ ಹತ್ತಿರ ಬಂದಾಗ ಸೊಟ್ಟಗಾಗಿ ಬಾಗುತ್ತಿದ್ದವು.

"ಬರ್ನ್ ಆದ ಕಲೆ ಓಡಾಡುದಿಲ್ಲ ಅಣ್ಣ," ಎಂದಳು ರಿಫಾ ಮೆಲ್ಲಗೆ. "ಇದು ಮೊಬೈಲಿನದ್ದಲ್ಲ, ಕಣ್ಣಿನದ್ದು. ನಮ್ಮ ಅಜ್ಜಿಗೂ ಹೀಗೇ ಆಗಿತ್ತು. ಬಾಗಿಲಿನ ದಾರಂದದ ಚೌಕಟ್ಟು ಸೊಟ್ಟ ಕಾಣ್ತದೆ ಅಂತ ಹೇಳ್ತಿದ್ರು. ನಾವು ಅಜ್ಜಿಗೆ ವಯಸ್ಸಾಯ್ತು ಅಂತ ನಗಾಡಿದ್ವಿ. ಮೂರು ತಿಂಗಳು ಕಳೆದು ಹೋದಾಗ ಡಾಕ್ಟರು ಇನ್ನು ಎಂತದೂ ಮಾಡ್ಲಿಕ್ಕಾಗುದಿಲ್ಲ ಅಂದ್ರು. ನಿಮಗೆ ಸಕ್ಕರೆ ಉಂಟಾ?"

"ಉಂಟು. ಎಂಟು ವರ್ಷ ಆಯ್ತು."

"ಬಲಗಣ್ಣು ಮುಚ್ಚಿ ನೋಡಿ. ಎಡಗಣ್ಣಲ್ಲೂ ಕಲೆ ಉಂಟಾ?"

ಇಲ್ಲಿ ನಾನು ಸಿಕ್ಕಿಬಿದ್ದೆ. ನನ್ನ ಎಡಗಣ್ಣು ಚಿಕ್ಕಂದಿನಿಂದಲೇ ಲೆಕ್ಕಕ್ಕಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಮಾವಿನ ಮರಕ್ಕೆ ಯಾರೋ ಹೊಡೆದ ಕಲ್ಲು ಬಡಿದು ಹೋದದ್ದು. ಬೆಳಕು ಕತ್ತಲೆ ಗೊತ್ತಾಗುತ್ತದೆ, ಅಷ್ಟೇ. ಡ್ರೈವರ್ ಆಗಬೇಕೆಂದು ಆಸೆಪಟ್ಟು ಕಣ್ಣಿನ ಪರೀಕ್ಷೆಯಲ್ಲಿ ಫೇಲಾಗಿ ಬಂದು, ನನಗೆ ಡ್ರೈವಿಂಗ್ ಇಷ್ಟವಿಲ್ಲ ಎಂದು ಊರಿಗೆಲ್ಲ ಸುಳ್ಳು ಹೇಳಿದವನು ನಾನು. ಒಂದು ಕಣ್ಣಿನವನು ಟೈಂ ಕೀಪರ್ ಎಂದು ಗೊತ್ತಾದರೆ ಯಾರು ಇಟ್ಟುಕೊಳ್ಳುತ್ತಾರೆ? ಯಾರಿಗೂ ಹೇಳದ್ದನ್ನು ಆ ಹುಡುಗಿಗೆ ಹೇಳಿದೆ, ಅಂಗಡಿಯ ಸ್ಟೂಲಿನ ಮೇಲೆ ಕುಳಿತು, ಎರಡೂ ಕೈಯಲ್ಲಿ ಮೊಣಕಾಲು ಹಿಡಿದುಕೊಂಡು. ಇದ್ದದ್ದು ಒಂದೇ ಕಣ್ಣು, ಅದೂ ಹೋಗುತ್ತಿದೆ.

"ಹಾಗಾದ್ರೆ ನಾಳೆ ನಾಡಿದ್ದು ಅನ್ನುದು ಬೇಡ. ಈಗಲೇ ಹೋಗುವ, ಏಳಿ," ಎಂದಳು.

ಆಗಷ್ಟೇ ನನ್ನಿಂದ ಬೈಸಿಕೊಂಡಿದ್ದ ಆ ಹುಡುಗಿ ಶಟರ್ ಎಳೆದು, ನನ್ನನ್ನು ಕರೆದುಕೊಂಡು ಹೆದ್ದಾರಿಯ ತನಕ ನಡೆದು ಬಂದಳು. ಮಂಗಳೂರಿನ ಕಣ್ಣಾಸ್ಪತ್ರೆಯ ಹೆಸರನ್ನು ಚೀಟಿಯಲ್ಲಿ ಬರೆದು ನನ್ನ ಕಿಸೆಗೆ ಹಾಕಿದಳು. ಬಂದ ಬಸ್ಸು ಯಾರದ್ದು? ನೌಫಲನದ್ದು. ಮುಂದಿನ ಬಸ್ಸಿಗೆ ಹೋಗುತ್ತೇನೆ ಎಂದು ನಾನು ಹಿಂದೆ ಸರಿದೆ. ಅಷ್ಟರಲ್ಲಿ ರಿಫಾ ಅವನಿಗೆ ಎಲ್ಲ ಹೇಳಿಯಾಗಿತ್ತು.

ನೌಫಲ್ ನನ್ನ ಮುಖ ನೋಡಿದ. ನಾನು ಡಾಮರು ನೋಡಿದೆ.

"ಹತ್ತಿ ಚಿನ್ನಯ್ಯಣ್ಣ. ಎಂತ ನಿಂತದ್ದು? ಟೈಂ ಹೋಗ್ತದೆ," ಎಂದು ಕೈ ಹಿಡಿದು ಎಳೆದುಕೊಂಡ. ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂರಿಸಿದ. ಮಂಗಳೂರು ಮುಟ್ಟಿದ ಮೇಲೆ ಟಿಕೆಟ್ ಮೆಷಿನನ್ನು ಕ್ಲೀನರಿನ ಕೈಗೆ ಕೊಟ್ಟು, ವಾಪಸು ಟ್ರಿಪ್ ನೀನೇ ನೋಡಿಕೋ ಎಂದು ಹೇಳಿ, ನನ್ನ ಜೊತೆ ರಿಕ್ಷಾ ಹತ್ತಿದ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದ, ಸಾಲಿನಲ್ಲಿ ನಿಂತ, ಕಣ್ಣಿಗೆ ಮದ್ದು ಬಿಟ್ಟು ಮಂಜಾದಾಗ ನನ್ನ ತೋಳು ಹಿಡಿದು ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಸಿದ. ಇಪ್ಪತ್ತೆರಡು ವರ್ಷ ಅರ್ಧ ನಿಮಿಷಕ್ಕೆಲ್ಲ ಜನರ ಜೀವ ತಿಂದವನು ನಾನು. ಆ ದಿನ ಅವನು ನನಗಾಗಿ ನಾಲ್ಕು ಗಂಟೆ ಕೂತ. ಕ್ಷಮಿಸು ಎನ್ನಲು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ನೀರು ಬೇಕೆಂದು ಕೇಳಿದೆ.

ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. ಸಕ್ಕರೆಯಿಂದಾಗಿ ಕಣ್ಣಿನ ಹಿಂಭಾಗದಲ್ಲಿ ನೀರು ತುಂಬಿ ಊದಿಕೊಂಡಿದೆ, ನಡುಭಾಗಕ್ಕೇ ಪೆಟ್ಟು. ಕಣ್ಣಿನೊಳಗೆ ಇಂಜೆಕ್ಷನ್ ಕೊಡಬೇಕು, ತಿಂಗಳಿಗೊಂದರಂತೆ ಕಡಿಮೆಯೆಂದರೂ ಮೂರು.

"ಕಣ್ಣಿನ ಒಳಗಾ?" ಎಂದು ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ಕೂತ್ಕೊಳ್ಳಿ. ನೀವು ಒಳ್ಳೆ ಹೊತ್ತಿಗೆ ಬಂದಿದ್ದೀರಿ. ಇನ್ನು ಎರಡು ತಿಂಗಳು ಬಿಟ್ಟು ಬಂದಿದ್ರೆ ನನಗೆ ಹೀಗೆ ಧೈರ್ಯ ಹೇಳ್ಲಿಕ್ಕೆ ಆಗ್ತಿರ್ಲಿಲ್ಲ. ಯಾವ ಡಾಕ್ಟರು ಕಳಿಸಿದ್ದು ನಿಮ್ಮನ್ನು?"

"ಮೊಬೈಲ್ ರಿಪೇರಿಯವಳು," ಎಂದೆ. ಅವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು.

ಮನೆಯಲ್ಲಿ ಕಾಂತಿಗೆ ಎಲ್ಲ ಹೇಳಬೇಕಾಯಿತು. ಮೂವತ್ತಮೂರು ವರ್ಷ ಸಂಸಾರ ಮಾಡಿದ ಹೆಂಡತಿಗೆ ಎಡಗಣ್ಣಿನ ವಿಷಯ ಮುಚ್ಚಿಟ್ಟಿದ್ದೆನಲ್ಲ, ಅತ್ತು ರಂಪ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಬಟ್ಟಲಿಗೆ ಗಂಜಿ ಬಡಿಸುತ್ತಲೇ ಇದ್ದಳು. "ಅದು ನನಗೆ ಮದುವೆಯಾದ ವಾರದಲ್ಲೇ ಗೊತ್ತುಂಟು. ಎಡಗಡೆ ಇಟ್ಟ ಲೋಟ ದಿನಾ ಕೆಡವ್ತಿದ್ರಿ. ಮತ್ತೆ ನಾನು ಬಲಗಡೆ ಇಡ್ಲಿಕ್ಕೆ ಶುರು ಮಾಡಿದೆ," ಎಂದಳು. ಇಷ್ಟು ವರ್ಷ ಲೋಟ ಯಾವ ಕಡೆ ಇರುತ್ತದೆ ಎಂದು ನಾನು ನೋಡಿಯೇ ಇರಲಿಲ್ಲ. ದೇವರು ನನಗೆ ಬಾಯಿ ಕೊಟ್ಟ, ಬುದ್ಧಿಯನ್ನೆಲ್ಲ ಅವಳಿಗೆ ಕೊಟ್ಟ.

ಕೆಲಸಕ್ಕೆ ಹೋಗದೆ ಮನೆಯಲ್ಲೇ ಉಳಿದೆ. ಮೊದಲ ಇಂಜೆಕ್ಷನ್ ಆಗಿ ಎರಡು ವಾರದಲ್ಲಿ ಕಲೆ ತೆಳುವಾಯಿತು. ಎರಡನೆಯದಾದ ಮೇಲೆ ಬಾಗಿಲ ಚೌಕಟ್ಟು ನೆಟ್ಟಗೆ ನಿಂತಿತು. ಒಂದು ಬೆಳಗ್ಗೆ ಅಂಗಳದ ಮಲ್ಲಿಗೆ ಗಿಡದಲ್ಲಿ ಮೊಗ್ಗುಗಳನ್ನು ಒಂದೊಂದೇ ಎಣಿಸಿದೆ, ಹದಿನೇಳು. ತಪ್ಪಾಯಿತೋ ಎಂದು ಮತ್ತೊಮ್ಮೆ ಎಣಿಸಿದೆ, ಹದಿನೇಳೇ. ಅಂಗಳದಲ್ಲಿ ನಿಂತು ಕೈಮುಗಿದೆ.

ಆ ದಿನವೇ ಪಾಣೆಮಂಗಳೂರಿಗೆ ಹೋದೆ. ರಿಫಾ ಭೂತಗನ್ನಡಿಯ ಕೆಳಗೆ ತಲೆ ತಗ್ಗಿಸಿ ಕುಳಿತಿದ್ದಳು.

"ರಿಪೇರಿಯವರು ಇದ್ದಾರಾ?" ಎಂದೆ. ತಲೆ ಎತ್ತಿ ನನ್ನನ್ನು ನೋಡಿ ಬಾಯಿ ತುಂಬ ನಕ್ಕಳು.

"ಆ ಬೂದು ಬಣ್ಣ ಹಾಕು ಒಮ್ಮೆ," ಎಂದು ಮೊಬೈಲು ಕೊಟ್ಟೆ. ಅವಳು ಹಾಕಿ ಹಿಡಿದಳು. ಪರದೆಯ ನಡುವೆ ಏನೂ ಇಲ್ಲ. ಸ್ವಲ್ಪ ಎಡಕ್ಕೆ, ಒಂದರ ಕೆಳಗೆ ಒಂದು, ನಸು ಕಪ್ಪಿನ ಎರಡು ಚುಕ್ಕಿ.

"ಉಂಟು ಮಾರಾಯ್ತಿ! ಎರಡು ಚುಕ್ಕಿ ಉಂಟು!" ಎಂದು ನಾನು ಕೂಗಿದ್ದಕ್ಕೆ ಬೇಕರಿಯವನು ಮತ್ತೆ ಹೊರಗೆ ಬಂದ.

"ಡಿಸ್‌ಪ್ಲೇ ಬದಲಿಸ್ಲಾ?" ಎಂದು ಕೇಳಿದಳು, ನಗು ತಡೆದುಕೊಂಡು.

"ಇದನ್ನು ಮುಟ್ಟಿದ್ರೆ ನೋಡು," ಎಂದೆ. ಆಮೇಲೆ ಹೇಳಬೇಕಾದ್ದನ್ನು ಹೇಳಿದೆ. ನಮ್ಮ ಕಡೆ ಮನೆಯವರಿಗೆ, ನೆರೆಯವರಿಗೆ ಥ್ಯಾಂಕ್ಸ್ ಎಂದು ಹೇಳಿ ಅಭ್ಯಾಸವಿಲ್ಲ, ಹೇಳಿದರೆ ಪರಕೀಯರಂತಾಗುತ್ತದೆ. ಆದರೂ ಹೇಳಿದೆ. "ನಾನು ನಿನಗೆ ಬಾಯಿಗೆ ಬಂದ ಹಾಗೆ ಬೈದೆ. ಹೊಸ ಡಿಸ್‌ಪ್ಲೇ ಹಾಕಿ ಕಳಿಸಿದ್ರೆ ನಿನ್ನ ವ್ಯಾಪಾರ ಆಗ್ತಿತ್ತು, ನನ್ನ ಕಣ್ಣು ಹೋಗ್ತಿತ್ತು. ನೀನು ಅಂಗಡಿ ಮುಚ್ಚಿ ನನ್ನನ್ನು ಬಸ್ಸು ಹತ್ತಿಸಿದೆ. ನಿನ್ನ ಉಪಕಾರ ಸಾಯುವ ತನಕ ಮರೀಲಿಕ್ಕಿಲ್ಲ ಮಗಳೇ."

ಅವಳು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು. "ನಮ್ಮ ಅಜ್ಜಿಗೆ ಹೇಳ್ತೇನೆ ನಿಮ್ಮ ವಿಷಯ. ಅಜ್ಜಿಗೆ ಭಾರೀ ಖುಷಿಯಾಗ್ತದೆ," ಎಂದಳು.

ಮರುದಿನ ಬೆಳಗ್ಗೆ ನಿಲ್ದಾಣಕ್ಕೆ ಹೋದೆ. ನನ್ನ ಜಾಗದಲ್ಲಿ ಹೊಸಬ ಕುಳಿತಿರುತ್ತಾನೆ, ಹೇಳಿ ಬರುವುದಷ್ಟೇ ಬಾಕಿ ಎಂದುಕೊಂಡೇ ಹೊರಟಿದ್ದೆ. ಮೇಜು ಖಾಲಿಯಿತ್ತು. ಮೇಲೆ ನನ್ನ ಪುಸ್ತಕ, ಗಾಳಿಗೆ ಹಾರದಂತೆ ಒಂದು ಕಲ್ಲು. ಸುಧಾಕರ ಹೇಳಿದ್ದು ಕೇಳಿ ನನಗೆ ನಂಬಲಾಗಲಿಲ್ಲ. ಅವನು ಬೇರೆ ಜನ ನೋಡಲು ಹೊರಟಾಗ ನೌಫಲ್, ಜಿತೇಶ ಇಬ್ಬರೂ ಹೋಗಿ ಅಡ್ಡ ನಿಂತರಂತೆ. ಚಿನ್ನಯ್ಯಣ್ಣ ಬರುವ ತನಕ ಕಂಡಕ್ಟರ್‌ಗಳು ತಮ್ಮ ತಮ್ಮ ಟೈಂ ತಾವೇ ಬರೆಯುವುದು, ಹಿಂದಿನ ಬಸ್ಸಿನವನು ಅದಕ್ಕೆ ಸಹಿ ಹಾಕುವುದು ಎಂದು ಮಾತಾಯಿತಂತೆ.

"ಎರಡು ವಾರ ನಡೆದ್ರೆ ಹೆಚ್ಚು ಅಂದುಕೊಂಡೆ. ಆರು ವಾರ ಆಯ್ತು, ಒಂದು ಲಡಾಯಿ ಇಲ್ಲ," ಎಂದ ಸುಧಾಕರ. ಎಡಗಣ್ಣಿನ ವಿಷಯವನ್ನೂ ಅವನಿಗೆ ಹೇಳಿದೆ. "ಒಂದು ಕಣ್ಣಿದ್ದಾಗಲೇ ನಮ್ಮ ಜೀವ ತಿಂದದ್ದು ಸಾಕು ಚಿನ್ನಯ್ಯಣ್ಣ, ಎರಡು ಬೇಡ. ಕೂತ್ಕೊಳ್ಳಿ," ಎಂದ.

ಕುಳಿತು ಪುಸ್ತಕ ತೆರೆದೆ. ಒಬ್ಬೊಬ್ಬರದು ಒಂದೊಂದು ಕೋಳಿ ಕಾಲಿನ ಅಕ್ಷರ. ಒಂದು ಪುಟದಲ್ಲಿ ಹೀಗೆ ಬರೆದಿತ್ತು: 'ಎಂಟು ಮೂವತ್ತೆಂಟರ ಬಸ್ಸು. ಹೊರಟದ್ದು ಎಂಟು ನಲವತ್ತು. ಎರಡು ನಿಮಿಷ ಹೆಚ್ಚು ನಿಂತು ಜನ ಹತ್ತಿಸಿದ್ದೇನೆ. ತಪ್ಪು ನನ್ನದು. ನೌಫಲ್.' ಅದನ್ನು ಬರೆಯಲು ಅವನಿಗೆ ಯಾರೂ ಹೇಳಿರಲಿಲ್ಲ. ಹೊತ್ತನ್ನಷ್ಟೇ ಬರೆದು ಬಿಟ್ಟಿದ್ದರೂ ಸಾಕಿತ್ತು, ಯಾರೂ ಕೇಳುತ್ತಿರಲಿಲ್ಲ. 'ತಪ್ಪು ನನ್ನದು' ಎಂಬ ಆ ಎರಡು ಪದವನ್ನು ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ಸಲವೂ ಬರೆದವನಲ್ಲ.

ಪುಟ ತಿರುಗಿಸುತ್ತ ಜನವರಿಗೆ ಹೋದೆ. 'ಕಂಡಕ್ಟರ್ ವಿಸಿಲಿಗೆ ಕಾಯದೆ ಹೊರಟಿದ್ದಾನೆ' ಎಂಬ ನನ್ನದೇ ಅಕ್ಷರ ಅಲ್ಲಿತ್ತು. ಅದರ ಮೇಲೆ ಗೀಟು ಎಳೆದೆ. ಕೆಳಗೆ ಬರೆದೆ. ಆಗ ನೌಫಲನ ಬಸ್ಸು ಬಂದು ನಿಂತಿತ್ತು. ಜಿತೇಶನೂ ಇದ್ದ, ಬೇರೆ ಕಂಡಕ್ಟರ್‌ಗಳೂ ಇದ್ದರು. ಎಲ್ಲರನ್ನೂ ಮೇಜಿನ ಹತ್ತಿರ ಕರೆದು ಗಟ್ಟಿಯಾಗಿ ಓದಿದೆ.

"'ಅವತ್ತು ವಿಸಿಲ್ ಊದಿದ್ದು ನಾನು. ನೌಫಲ್ ಸರಿಯಾಗಿಯೇ ಹೊರಟಿದ್ದ. ತಪ್ಪು ನನ್ನದು. ಚಿನ್ನಯ್ಯ.'"

ಓದಿ ಮುಗಿಯುವಾಗ ಎಲ್ಲರೆದುರು, ಬಿ.ಸಿ. ರೋಡಿನ ನಡುವೆ, ನನ್ನ ಕಣ್ಣಿನಿಂದ ನೀರು ಸುರಿಯತೊಡಗಿತು. ನಾಚಿಕೆಯಾಗಲಿಲ್ಲ.

ನೌಫಲ್ ಪುಸ್ತಕವನ್ನು ನನ್ನ ಕೈಯಿಂದ ತೆಗೆದು ಮುಚ್ಚಿದ. "ಬಿಡಿ ಚಿನ್ನಯ್ಯಣ್ಣ, ಅಳ್ಬೇಡಿ," ಎಂದ. "ಬೆಳಗ್ಗೆ ಕಣ್ಣಿಗೆ ಬಿಟ್ಟ ಮದ್ದೆಲ್ಲ ಇಳಿದು ಹೋಗ್ತದೆ."